ಆಯ್ತಾ?

ಇವತ್ತು ಬೆಳಿಗ್ಗೆ ಆರೂ ಮುಕ್ಕಾಲಿಗೆ ಎದುರುಮನೆ ರಾಯರು ಎರಡು ಪ್ಯಾಕೆಟ್ ಹಾಲು ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ನಿಂತು, "ಏನ್ ಸಾರ್, ಆಯ್ತಾ?" ಅಂದರು. ನಾನಿನ್ನೂ ಹಲ್ಲುಜ್ಜಿರಲಿಲ್ಲ. ಪೇಪರ್ ಎತ್ತಿಕೊಳ್ಳಲು ಬಗ್ಗಿದ್ದವನು ಬಗ್ಗಿಕೊಂಡೇ, "ಆಗ್ತಾ ಇದೆ ಸಾರ್" ಅಂದೆ.

ನಾವು ಕನ್ನಡಿಗರು ದಿನಕ್ಕೆ ನೂರು ಸಲ ಆಯ್ತಾ ಅಂತೀವಿ. ಕಾಫಿ ಆಯ್ತಾ, ಸ್ನಾನ ಆಯ್ತಾ, ತಿಂಡಿ ಆಯ್ತಾ, ಊಟ ಆಯ್ತಾ. ಇವಕ್ಕೆಲ್ಲ ಯಾರೂ ಉತ್ತರ ಕಾಯುವುದಿಲ್ಲ. ಊಟ ಆಗಿಲ್ಲ ಅಂದರೆ ಕೇಳಿದವರೇ ಗಾಬರಿಯಾಗುತ್ತಾರೆ. ರಾಯರ ಆಯ್ತಾ ಅಂಥದ್ದಲ್ಲ. ಅದರ ಹಿಂದೆ ಕಾಫಿ, ತಿಂಡಿ ಏನೂ ಇರುವುದಿಲ್ಲ. ಬರೀ ಆಯ್ತಾ. ಕೇಳಿ ಅಲ್ಲೇ ನಿಲ್ಲುತ್ತಾರೆ. ಹಾಲು ಬೆಚ್ಚಗಾದರೂ ಪರವಾಗಿಲ್ಲ, ಉತ್ತರ ಬೇಕು. ಅವರು ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು. ಸಂಜೆ ಬಾಗಿಲು ಹಾಕುವುದರೊಳಗೆ ಲೆಕ್ಕ ತಾಳೆ ಆಗಲೇಬೇಕು ಅನ್ನುವ ಲೋಕ ಅವರದು. ಶುರುವಾದ ಕೆಲಸ ಅವತ್ತೇ ಮುಗಿಯದೆ ಇರಬಹುದು ಅನ್ನುವುದನ್ನು ಅವರು ಇನ್ನೂ ಒಪ್ಪಿಕೊಂಡಿಲ್ಲ.

ಶುರುವಾಗಿದ್ದು ಎರಡು ವರ್ಷದ ಹಿಂದೆ, ಆಯುಧಪೂಜೆ ಮುಗಿದ ಮರುವಾರ. ಕಾಮಾಕ್ಷಿಪಾಳ್ಯದಲ್ಲಿ ಒಂದು ಹಳೇ ವರ್ಕ್‌ಶಾಪ್ ಖಾಲಿ ಮಾಡುತ್ತಿದ್ದರು. ನಾನು ಹೋಗಿದ್ದು ಒಂದು ಬೆಂಚ್ ವೈಸ್ ಸಿಗುತ್ತಾ ನೋಡೋಣ ಅಂತ. ಬಂದಿದ್ದು ಒಂದು ಲೇತ್ ಜೊತೆ, ಅಂದರೆ ಕಬ್ಬಿಣವನ್ನು ತಿರುಗಿಸುತ್ತಾ ಉಳಿ ಕೊಟ್ಟು ಕತ್ತರಿಸುವ ಯಂತ್ರ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್. ನಾಲ್ಕೂವರೆ ಅಡಿ ಬೆಡ್ಡು, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಅಡಿಪೀಠ. ತುಂಗಭದ್ರೆ ದಡದಲ್ಲಿ 1941ರಲ್ಲಿ ಶುರುವಾದ ಕಾರ್ಖಾನೆ ಅದು. ಬಾಗಿಲು ಮುಚ್ಚಿ ಎರಡು ದಶಕ ದಾಟಿದೆ. ಒಂದು ಕಾಲಕ್ಕೆ ಊರೂರಿನ ವೆಲ್ಡಿಂಗ್ ಶಾಪಿನ ಮೂಲೆಯಲ್ಲೂ ಅಲ್ಲಿಂದ ಬಂದ ಒಂದು ಲೇತ್ ಗುಂಯ್ ಅನ್ನುತ್ತಿತ್ತು. ಇದನ್ನು ಗುಜರಿಯವನು ಕಾಟಾಕ್ಕೆ ಹಾಕಿ ತೂಗಿದ. 620 ಕೆ.ಜಿ. ಕಬ್ಬಿಣದ ರೇಟು ಕೆ.ಜಿ.ಗೆ 48 ರೂಪಾಯಿ. ಇಂಚಿನ ಸಾವಿರದಲ್ಲೊಂದು ಭಾಗ ಅಳೆದು ಕತ್ತರಿಸುವ ಯಂತ್ರವನ್ನು ಈರುಳ್ಳಿ ಥರ ತೂಗಿ ಮಾರುತ್ತಾರಲ್ಲ ಅಂತ ಹೊಟ್ಟೆ ಉರಿಯಿತು. ಹಾಗಂತ ಜಾಸ್ತಿ ದುಡ್ಡೇನೂ ಕೊಡಲಿಲ್ಲ.

ಛೋಟಾ ಹಾಥಿಯಲ್ಲಿ ಮನೆಗೆ ಬಂತು. ನಾಲ್ಕು ಜನ ಹಮಾಲರು, ನೀರಿನ ಪೈಪಿನ ಮೂರು ತುಂಡು, ಒಂದು ಹಾರೆ. ಪೈಪಿನ ಮೇಲೆ ಉರುಳಿಸಿಕೊಂಡು ಶೆಡ್ಡಿಗೆ ಸೇರಿಸಿದರು. ದಾರಿಯಲ್ಲಿ ಆರು ಟೈಲ್ಸ್ ಒಡೆದವು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು. ಲೇತ್ ಬಗ್ಗೆ ಒಂದು ಮಾತೂ ಆಡಲಿಲ್ಲ. "ರೀ, ಸ್ಕೂಟರ್ ಇನ್ಮೇಲೆ ಎಲ್ಲಿ ನಿಲ್ಲಿಸ್ತೀರಾ?" ಅಂತ ಮಾತ್ರ ಕೇಳಿದಳು. ಸ್ಕೂಟರ್ ಅವತ್ತಿನಿಂದ ಮಳೆಯಲ್ಲೇ ನಿಲ್ಲುತ್ತಿದೆ.

ಆ ಸಂಜೆಯೇ ರಾಯರು ಬಂದರು. ಲೇತಿಗೆ ಒಂದು ಸುತ್ತು ಹಾಕಿದರು. "ಏನ್ ಸಾರ್ ಇದು?" ಹೇಳಿದೆ. "ರಿಪೇರಿ ಮಾಡ್ತೀರಾ?" ಹೂಂ ಅಂದೆ. "ಎಷ್ಟು ದಿನ ಆಗುತ್ತೆ?" ಇಲ್ಲೇ ನಾನು ತಪ್ಪು ಮಾಡಿದ್ದು. ನಾಲ್ಕು ಭಾನುವಾರ ಅಂದುಬಿಟ್ಟೆ. ರಾಯರು ಅದನ್ನು ಮನಸ್ಸಿನ ಲೆಡ್ಜರಿನಲ್ಲಿ ಬರೆದುಕೊಂಡರು.

ಮೊದಲ ಭಾನುವಾರ ಒಂದು ನಟ್ ಬಿಚ್ಚಲು ಕೂತೆ. ನನ್ನ ಹತ್ತಿರ ಎಂಟರಿಂದ ಮೂವತ್ತೆರಡು ಮಿಲಿಮೀಟರ್ ತನಕ ಹೊಸ ಸ್ಪಾನರ್ ಸೆಟ್ ಇದೆ. 22 ಒಳಗೇ ಹೋಗುವುದಿಲ್ಲ. 24 ಹಾಕಿದರೆ ಜಾರುತ್ತದೆ. ಜೋರಾಗಿ ಎಳೆದರೆ ನಟ್ಟಿನ ಮೂಲೆಗಳು ಸವೆದು ಗೋಲಿ ಥರ ಆಗುತ್ತವೆ. ಅರ್ಧ ದಿನ ಹೋದಮೇಲೆ ನೆನಪಾಯಿತು. ಇದು ಇಂಚಿನ ಕಾಲದ ಯಂತ್ರ. 1956ರಲ್ಲಿ ಕಾಯ್ದೆ ಬಂದು ದೇಶ ಪೂರ್ತಿ ಮೀಟರು, ಕಿಲೋಗೆ ಬದಲಾಯಿತು. ಸೇರು, ಮಣ ಎಲ್ಲ ಹೋದವು. ನಮ್ಮ ಶೆಡ್ಡಿಗೆ ಮಾತ್ರ ಸುದ್ದಿ ಬಂದಿಲ್ಲ. ಇದರ ನಟ್ಟು ಬೋಲ್ಟುಗಳು ವಿಟ್‌ವರ್ತ್ ಅನ್ನುವ ಇಂಗ್ಲಿಷ್ ಮಹಾಶಯ 1841ರಲ್ಲಿ ಮಾಡಿಟ್ಟ ಲೆಕ್ಕದವು. ಅದರ ಸ್ಪಾನರ್ ಇನ್ನೂ ತಮಾಷೆ. ಮೇಲೆ ಅರ್ಧ ಇಂಚು ಅಂತ ಬರೆದಿರುತ್ತದೆ. ಬಾಯಿ ಅಳೆದರೆ ಇಪ್ಪತ್ತಮೂರೂವರೆ ಮಿಲಿಮೀಟರ್ ಹತ್ತಿರ, ಅಂದರೆ ಹೆಚ್ಚುಕಮ್ಮಿ ಒಂದು ಇಂಚು! ಬರೆದಿರುವುದು ಸ್ಪಾನರಿನ ಬಾಯಿಯ ಅಳತೆ ಅಲ್ಲವಂತೆ, ಬೋಲ್ಟಿನ ದಪ್ಪವಂತೆ. ಕಾಲಿಗೆ ಎಷ್ಟು ದೊಡ್ಡ ಚಪ್ಪಲಿ ಬೇಕು ಅಂತ ಕೇಳಿದರೆ ಮೂಳೆಯ ದಪ್ಪ ಹೇಳಿದ ಹಾಗೆ.

ಆ ಸ್ಪಾನರ್ ಸೆಟ್ಟು ಸಿಗಲು ನಾಲ್ಕು ಭಾನುವಾರ ಬೇಕಾಯಿತು. ನಾಲ್ಕನೇ ಭಾನುವಾರ ಸಂಜೆ ರಾಯರು ಗೇಟಿನ ಹತ್ತಿರ ಬಂದು ಮೊದಲ ಸಲ ಕೇಳಿದರು. "ಆಯ್ತಾ?"

ತುಕ್ಕು ಬಿಡಿಸುವ ಕಥೆ ಜಾಸ್ತಿ ಹೇಳುವುದಿಲ್ಲ. ಸೀಮೆಎಣ್ಣೆ, ಡೀಸೆಲ್ಲು, ಉಪ್ಪುಕಾಗದ, ಬೆನ್ನುನೋವು. ಸಣ್ಣ ಭಾಗಗಳನ್ನು ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರಿಗೆ ಇಳಿಸಿ ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈರಿಗೆ ಕಟ್ಟಬೇಕು. ಪಾಸಿಟಿವ್‌ಗೆ ಒಂದು ಕಬ್ಬಿಣದ ತುಂಡು. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ತುಕ್ಕು ಸಡಿಲವಾಗಿ ಕಪ್ಪಗೆ ಉದುರುತ್ತದೆ. ಅದ್ಭುತವಾದ ಉಪಾಯ. ಬಕೆಟ್ ಯಾವುದು ಅನ್ನುವುದರ ಮೇಲೆ ಮಾತ್ರ ಸ್ವಲ್ಪ ಗಮನ ಇರಬೇಕು. ಬೆಳಿಗ್ಗೆ ಐದೂವರೆಗೆ ಬಚ್ಚಲಿನಿಂದ ಮಗಳು "ಅಪ್ಪಾ!" ಅಂತ ಕೂಗಿದ್ದು ರಾಯರ ಮನೆಗೂ ಕೇಳಿಸಿತ್ತು.

ಬಣ್ಣ ಕೆರೆಯುವಾಗ ಮಾತ್ರ ನಿಧಾನವಾದೆ. ಲೇತಿನ ತಲೆಭಾಗವಾದ ಹೆಡ್‌ಸ್ಟಾಕಿನ ಮೇಲೆ ಬೂದು ಬಣ್ಣ, ಅದರ ಕೆಳಗೆ ಹಸಿರು. ಎರಡರ ಮೇಲೂ ಪದರ ಪದರವಾಗಿ ಅರಿಶಿನ, ಕುಂಕುಮ, ವಿಭೂತಿ. ಎಷ್ಟೋ ವರ್ಷದ ಆಯುಧಪೂಜೆ ಎಣ್ಣೆಯಲ್ಲಿ ನೆನೆದು ಗಟ್ಟಿಯಾಗಿ ಕೂತಿತ್ತು. ಬೆಡ್ಡಿನ ಮೇಲೆ ಒಂದೇ ಕಡೆ ದುಂಡಗೆ ನಾಲ್ಕು ಕಲೆ. ಅಲ್ಲಿ ಪ್ರತಿ ವರ್ಷ ಕತ್ತರಿಸಿದ ನಿಂಬೆಹಣ್ಣು ಇಟ್ಟಿದ್ದಾರೆ ಅಂತ ನನ್ನ ಅನುಮಾನ. ನಿಂಬೆಹುಳಿ ಕಬ್ಬಿಣವನ್ನು ತಿಂದಿದೆ. ಯಂತ್ರಕ್ಕೆ ದೃಷ್ಟಿ ತಾಗದಿರಲಿ ಅಂತ ಇಟ್ಟ ನಿಂಬೆಹಣ್ಣೇ ಯಂತ್ರಕ್ಕೆ ತಾಗಿತ್ತು.

ನಮ್ಮಪ್ಪ ಟರ್ನರ್, ಅಂದರೆ ಲೇತ್ ಕೆಲಸದವರು. ಜಾಲಹಳ್ಳಿ ಕಡೆ ಕಾರ್ಖಾನೆ, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಮೈಯಿಂದ ಕೂಲೆಂಟಿನ, ಅಂದರೆ ಕಬ್ಬಿಣ ಕತ್ತರಿಸುವಾಗ ತಂಪಿಗೆ ಸುರಿಯುವ ಎಣ್ಣೆಯ, ವಾಸನೆ ಭಾನುವಾರವೂ ಹೋಗುತ್ತಿರಲಿಲ್ಲ. ಮುಂಗೈ ಮೇಲೆ ಬಿಸಿ ಕಬ್ಬಿಣದ ಸುರುಳಿ ಸಿಡಿದು ಸಾಸಿವೆ ಒಗ್ಗರಣೆ ಹಾರಿದಂಥ ಸಣ್ಣ ಸಣ್ಣ ಕಲೆ. ಆಯುಧಪೂಜೆ ದಿನ ಒಂದು ಸಲ ಮಾತ್ರ ನಮ್ಮನ್ನು ಒಳಗೆ ಬಿಡುತ್ತಿದ್ದರು. ಅಪ್ಪನ ಲೇತಿಗೆ ಬಾಳೆಕಂದು ಕಟ್ಟಿರುತ್ತಿತ್ತು. ಅದು ಸುಮ್ಮನೆ ನಿಂತಿರುವುದನ್ನು ಮಾತ್ರ ನಾನು ನೋಡಿದ್ದು, ತಿರುಗುವುದನ್ನು ಒಮ್ಮೆಯೂ ನೋಡಲಿಲ್ಲ. ಪೂಜೆಯ ದಿನ ಯಂತ್ರಗಳಿಗೆ ರಜೆ ಅಲ್ವಾ. ಮನೆಯಲ್ಲಿ ಅಪ್ಪ ಏನಾದರೂ ಅರ ಹಾಕಿ ಉಜ್ಜುತ್ತಾ ಕೂತರೆ ಅಮ್ಮ ಅಡಿಗೆಮನೆಯಿಂದ "ಆಯ್ತೇನ್ರೀ, ತಟ್ಟೆ ಹಾಕ್ಲಾ?" ಅನ್ನುತ್ತಿದ್ದಳು. "ಇನ್ನೊಂದು ಕಟ್ ಇದೆ" ಅನ್ನುತ್ತಿದ್ದರು ಅಪ್ಪ. ಸಾರು ಆರಿಹೋಗುತ್ತಿತ್ತು. ಒಂದು ಕುಂಕುಮದ ಪದರ ಹಾಗೇ ಬಿಟ್ಟು ಸುತ್ತ ಬಣ್ಣ ಹೊಡೆದಿದ್ದೇನೆ. ಸ್ವಲ್ಪ ವಿಕಾರವಾಗಿ ಕಾಣುತ್ತದೆ. ಇರಲಿ.

ಈಗ ಗೋಲಿಯ ವಿಷಯ.

ಲೇತಿನ ಮುಂಭಾಗದಲ್ಲಿ ಒಂದು ಹಿಡಿಕೆ ಇದೆ. ಅದನ್ನು ಮೇಲೆ ಕೆಳಗೆ ಮಾಡಿದಾಗ ಟಕ್ ಅಂತ ಜಾಗದಲ್ಲಿ ಕೂರಬೇಕು. ಹಾಗೆ ಕೂರಿಸಲು ಒಳಗೊಂದು ಸ್ಪ್ರಿಂಗು, ಅದರ ಮುಂದೆ ಕಾಲು ಇಂಚಿನ ಉಕ್ಕಿನ ಗೋಲಿ. ಹಿಡಿಕೆ ಎಳೆಯುವ ಮುಂಚೆ ತೂತಿಗೆ ಬಟ್ಟೆ ಅಡ್ಡ ಇಡಬೇಕು ಅಂತ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಬಟ್ಟೆ ಕೈಯಲ್ಲೇ ಇತ್ತು. ಅದರಲ್ಲಿ ಮುಖ ಒರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಹಿಡಿಕೆ ಎಳೆದೆ. ಟಿಂಗ್ ಅಂತ ಒಂದು ಸದ್ದು. ಶೀಟಿಗೆ ಬಡಿದ ಇನ್ನೊಂದು ಸದ್ದು. ಆಮೇಲೆ ನಿಶ್ಶಬ್ದ.

ಹತ್ತಡಿ ಹನ್ನೆರಡಡಿ ಶೆಡ್ಡು. ಬಟಾಣಿ ಕಾಳಿನಷ್ಟು ಗೋಲಿ. ಮೊಣಕಾಲೂರಿ ಹುಡುಕುತ್ತಾ ಇದ್ದೆ. ಆಗ ಎರಡು ಚಪ್ಪಲಿ ಕಂಡವು. ತಲೆ ಎತ್ತಿದರೆ ರಾಯರು.

"ಏನ್ ಸಾರ್, ಆಯ್ತಾ?"

ಆಗಿಲ್ಲ, ಹಾರಿಹೋಯಿತು ಅಂದೆ. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಯಾವತ್ತೂ ನೋಡಿರಲಿಲ್ಲ. "ಕ್ಯಾಶ್ ಶಾರ್ಟ್ ಬಂದ್ರೆ ನಾವು ಹೇಗೆ ಹುಡುಕ್ತಿದ್ವಿ ಗೊತ್ತಾ?" ಅಂದು ಪಂಚೆ ಎತ್ತಿ ಕಟ್ಟಿದರು. ಮಗಳ ಹತ್ತಿರ ಸೀಮೆಸುಣ್ಣ ತರಿಸಿದರು. ಶೆಡ್ಡಿನ ನೆಲವನ್ನು ಚೌಕ ಚೌಕ ಮಾಡಿ ನಂಬರ್ ಹಾಕಿದರು. ಒಟ್ಟು ಇಪ್ಪತ್ತು. "ಒಂದು ಮುಗಿಯೋ ತನಕ ಎರಡಕ್ಕೆ ಹೋಗೋ ಹಾಗಿಲ್ಲ." ನಾನು ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ ಎಳೆಯುತ್ತಾ ಬಂದೆ. ರಾಯರು ಮೊಬೈಲ್ ಟಾರ್ಚ್ ಹಿಡಿದು ಹಿಂದೆ. ಒಂದೊಂದು ಚೌಕಕ್ಕೂ "ಸಿಕ್ತಾ?" ಒಂದು. ಸಿಕ್ತಾ? ಎರಡು. ಸಿಕ್ತಾ? ಆಯ್ತಾ ಅನ್ನುವುದಕ್ಕಿಂತ ಕೆಟ್ಟ ಪದ ಕನ್ನಡದಲ್ಲಿ ಇದೆ ಅಂತ ಅವತ್ತು ಗೊತ್ತಾಯಿತು.

ಸಿಕ್ಕಿದ್ದು ಇಷ್ಟು. ಮೊಳೆ ಹದಿನೇಳು. ಸೇಫ್ಟಿ ಪಿನ್ ಮೂರು. ಹೆಂಡತಿ ವರ್ಷದಿಂದ ಹುಡುಕುತ್ತಿದ್ದ ಸಣ್ಣ ಕತ್ತರಿ. ಒಂದು ರೂಪಾಯಿ ನಾಣ್ಯ ಎರಡು. ಅವು ಸ್ಟೀಲಿನವು, ಆಯಸ್ಕಾಂತಕ್ಕೆ ಅಂಟುತ್ತವೆ. ರಾಯರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರು. ಎರಡು ರೂಪಾಯಿಯನ್ನು ನನ್ನ ಕೈಗೆ ಎಣಿಸಿಕೊಟ್ಟರು. ಇಪ್ಪತ್ತನೇ ಚೌಕ ಮುಗಿದಾಗ ಮೂರು ಗಂಟೆ ಹೋಗಿತ್ತು. ಗೋಲಿ ಇಲ್ಲ. ನನ್ನ ಮೊಣಕಾಲೂ ಇಲ್ಲ.

ಕೊನೆಗೆ ಮೂಲೆಯ ಸೈಕಲ್ ಶಾಪಿಗೆ ಹೋದೆ. ಸೈಕಲ್ಲಿನ ಹಿಂದಿನ ಹಬ್ಬಿನಲ್ಲಿರುವುದೂ ಕಾಲು ಇಂಚಿನ ಗೋಲಿಯೇ. ಲೋಕವೆಲ್ಲ ಮಿಲಿಮೀಟರ್ ಆದರೂ ಸೈಕಲ್ಲು ಇಂಚು ಬಿಟ್ಟಿಲ್ಲ, ದೇವರು ದೊಡ್ಡವನು. ಅಂಗಡಿಯವನು ಗ್ರೀಸ್ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಕೊಟ್ಟ. ಎಷ್ಟಪ್ಪಾ ಅಂದರೆ, "ಹತ್ತು ರೂಪಾಯಿ ಕೊಡಿ ಅಂಕಲ್" ಅಂದ. ವಾಪಸ್ ಬಂದರೆ ರಾಯರು ಇನ್ನೂ ಶೆಡ್ಡಿನಲ್ಲಿದ್ದಾರೆ. ಆಯಸ್ಕಾಂತವನ್ನು ತಿರುಗಿಸಿ, ಅದರ ಬೆನ್ನಿಗೆ ಹುಲ್ಲಿನಂತೆ ಮೆತ್ತಿಕೊಂಡಿದ್ದ ಕಬ್ಬಿಣದ ಪುಡಿಯನ್ನು ಬೆರಳಲ್ಲಿ ಕೆದಕುತ್ತಿದ್ದಾರೆ. ಅದರ ನಡುವೆ ಗೋಲಿ. ಮೊದಲನೇ ಚೌಕದಲ್ಲೇ ಅಂಟಿರಬೇಕು. ಇಪ್ಪತ್ತು ಚೌಕ ಅದನ್ನು ನಾನೇ ಎಳೆದುಕೊಂಡು ತಿರುಗಿದ್ದೆ.

"ಟ್ಯಾಲಿ ಆಯ್ತು ಸಾರ್" ಅಂದರು ರಾಯರು. ಆ ಖುಷಿಗೆ ಅವರಿಗೆ ಎರಡನೇ ಕಾಫಿ ಕೊಡಬೇಕಾಯಿತು.

ಕ್ರಾಸ್ ಸ್ಲೈಡ್, ಅಂದರೆ ಉಳಿಯನ್ನು ಅಡ್ಡಡ್ಡ ಸರಿಸುವ ಭಾಗದ ವಿಷಯದಲ್ಲಿ ನಾನು ಯಾರನ್ನೂ ಬೈಯುವ ಹಾಗಿಲ್ಲ. ಅದರ ಹಿಡಿಕೆಯಲ್ಲಿ ಕಾಲು ಸುತ್ತು ಪ್ಲೇ ಇತ್ತು. ಹಿಡಿಕೆ ತಿರುಗುತ್ತದೆ, ಸ್ಲೈಡ್ ಕದಲುವುದಿಲ್ಲ. ನಮ್ಮ ಮನೆಯಲ್ಲಿ ನಾನು ಹೇಳಿದ ಮಾತಿನ ಹಾಗೆ. ಒಳಗಿನ ಗನ್‌ಮೆಟಲ್ ನಟ್ಟು ಸವೆದಿದೆ, ಹೊಸದು ಮಾಡಿಸಬೇಕು. ಅದನ್ನು ಮಾಡಲು ಲೇತ್ ಬೇಕು. ಲೇತ್ ನನ್ನ ಹತ್ತಿರ ಇದೆ, ಆದರೆ ಆ ನಟ್ಟಿಲ್ಲದೆ ಅದು ಕೆಲಸ ಮಾಡುವುದಿಲ್ಲ. ಕಾಮಾಕ್ಷಿಪಾಳ್ಯದ ಒಬ್ಬ ಟರ್ನರ್ ಹತ್ತಿರ ಹೋದೆ. "ಸ್ಕ್ರೂ ತಂದ್ಕೊಡಿ ಸಾರ್" ಅಂದ. ನಾನು ಕಂಪ್ಯೂಟರಿನಲ್ಲಿ ಚೆಂದದ ಡ್ರಾಯಿಂಗ್ ಮಾಡಿಕೊಂಡು ಹೋಗಿದ್ದೆ. ಸ್ಕ್ರೂ ಯಾಕೆ, ಎಲ್ಲ ಇದರಲ್ಲೇ ಇದೆ ಅಂದೆ. ಬುಧವಾರ ಬನ್ನಿ ಅಂದ.

ಸೋಮವಾರ ಫೋನ್ ಮಾಡಿದೆ. ಮಂಗಳವಾರ ಮಾಡಿದೆ. ಬುಧವಾರ ಎರಡು ಸಲ. ಗುರುವಾರ ಅವನು ಫೋನ್ ಎತ್ತಿದವನೇ, "ಸಾರ್, ಆದ್ರೆ ನಾನೇ ಮಾಡ್ತೀನಿ ಫೋನು. ದಿನಾ ಆಯ್ತಾ ಆಯ್ತಾ ಅಂದ್ರೆ ಹೇಗೆ ಸಾರ್ ಕೆಲ್ಸ ಮಾಡೋದು?" ಅಂದ. ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಟ್ಟು ಬಂತು. ಬಂಗಾರದ ಹಾಗೆ ಹೊಳೆಯುತ್ತಿತ್ತು. ಹಾಕಿದರೆ ಒಂದು ಸುತ್ತೂ ಹೋಗಲಿಲ್ಲ. ಲೇತಿನ ಕ್ರಾಸ್ ಸ್ಲೈಡಿಗೆ ಸಾಮಾನ್ಯವಾಗಿ ಲೆಫ್ಟ್ ಹ್ಯಾಂಡ್ ಥ್ರೆಡ್, ಅಂದರೆ ಮಾಮೂಲಿಗೆ ಉಲ್ಟಾ ಸುತ್ತುವ ಮರೆ. ನನ್ನ ಚೆಂದದ ಡ್ರಾಯಿಂಗಿನಲ್ಲಿ ಅದೊಂದು ಬಿಟ್ಟುಹೋಗಿತ್ತು. "ಸ್ಕ್ರೂ ತಂದ್ಕೊಡಿ ಅಂದಿದ್ನಲ್ಲ ಸಾರ್" ಅಂತ ಆ ಮನುಷ್ಯ ಮೆಲ್ಲಗೆ ಹೇಳಿದ್ದು ಈಗಲೂ ಚುಚ್ಚುತ್ತದೆ. ತಪ್ಪು ಥ್ರೆಡ್ಡಿನ ಆ ನಟ್ಟು ನನ್ನ ಆಫೀಸ್ ಮೇಜಿನ ಮೇಲೆ ಪೇಪರ್‌ವೇಟ್ ಆಗಿದೆ. ಎರಡನೇ ನಟ್ಟಿಗೆ ಫೋನೇ ಮಾಡಲಿಲ್ಲ. ಹದಿನೆಂಟು ದಿನ ಹಿಡಿಯಿತು.

ಮೋಟಾರಿನ ದಿನ ಶುಕ್ರವಾರ, ರಾತ್ರಿ ಎಂಟೂಕಾಲು. ಹಳೇ ಮೋಟಾರು ಮೂರು ಫೇಸಿನದು, ನಮ್ಮ ಮನೆಯದು ಒಂದೇ ಫೇಸು. ಹಾಗಾಗಿ ಎರಡು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಕೂರಿಸಿದ್ದೆ. ಮೋಟಾರು ಏಳುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ ಅಂತ ಓದಿದ್ದೆ. ಓದಿದ್ದು ನಿಜವಾಯಿತು. ಸ್ವಿಚ್ ಒತ್ತಿದೆ, ಹೂಂ ಅಂತ ಒಂದು ಹೂಂಕಾರ, ಮನೆ ಪೂರ್ತಿ ಕತ್ತಲೆ. ಒಳಗೆ ಸೀರಿಯಲ್ಲಿನ ಸೊಸೆ ಅಳುತ್ತಿದ್ದವಳು ಅರ್ಧಕ್ಕೇ ನಿಂತಳು. ಹೆಂಡತಿಯ ಧ್ವನಿ ಬರುವ ಮುಂಚೆಯೇ ಗೇಟಿನ ಕಡೆಯಿಂದ ಒಂದು ಟಾರ್ಚಿನ ಬೆಳಕು ಅಲುಗಾಡುತ್ತಾ ಬಂತು. ಬೆಳಕು ನನ್ನ ಮುಖದ ಮೇಲೆ ನಿಂತಿತು.

"ಆಯ್ತಾ?"

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಎಂಸಿಬಿ ಬದಲಾಯಿಸಿದ. ಮೋಟಾರು ಎದ್ದಿತು. ಉಲ್ಟಾ ತಿರುಗಿತು. ಈ ಲೇತಿನಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕು, ತಿರುಗುವ ಸ್ಪಿಂಡಲಿಗೆ ಥ್ರೆಡ್ಡಿನಲ್ಲಿ ಕೂರುವಂಥದ್ದು. ಉಲ್ಟಾ ತಿರುಗಿದರೆ ಬಾಟಲಿ ಮುಚ್ಚಳದ ಹಾಗೆ ಬಿಚ್ಚಿಕೊಳ್ಳುತ್ತದೆ. ಹದಿನೈದು ಕೆ.ಜಿ.ಯ ಮುಚ್ಚಳ! ಅದು ಹೊರಗೆ ಹೊರಗೆ ಬರುತ್ತಿರುವುದನ್ನು ನೋಡಿ ಮೇನ್ ಸ್ವಿಚ್ಚಿಗೆ ಹಾರಿದೆ. ಐವತ್ತೆರಡನೇ ವಯಸ್ಸಿಗೆ ಅಷ್ಟು ದೂರ ಹಾರಬಹುದು ಅಂತ ಗೊತ್ತಿರಲಿಲ್ಲ. ಎರಡು ವೈರು ಅದಲುಬದಲು ಮಾಡಿದ ಮೇಲೆ ಸರಿಹೋಯಿತು.

ಸಂಜೆ ಒಂದು ಕಬ್ಬಿಣದ ಸರಳು ಹಿಡಿಸಿ ಮೊದಲ ಕಟ್ ಕೊಟ್ಟೆ. ನೀಲಿ ಬಣ್ಣದ ಸುರುಳಿ ಹೊಗೆಯಾಡುತ್ತಾ ಬಂತು. ಎಣ್ಣೆ ಸುಟ್ಟ ವಾಸನೆ. ಅಪ್ಪನ ಅಂಗಿಯ ವಾಸನೆ. ಮೆಷಿನ್ ಆಫ್ ಮಾಡಲು ಮನಸ್ಸು ಬರಲಿಲ್ಲ. ಒಂದು ಕಿಡಿಯಂಥ ಚೂರು ಮುಂಗೈ ಮೇಲೆ ಬಿದ್ದು ಚುರ್ ಅಂದಿತು. ಒರೆಸಿಕೊಳ್ಳಲಿಲ್ಲ.

ಇಷ್ಟೆಲ್ಲ ಆದಮೇಲೆ ರಾಯರಿಗೆ ನಾನೇ ಹೋಗಿ ಹೇಳಿದೆ. "ಸಾರ್, ಆಯ್ತು." ಅವರು ಬಂದು ನೋಡಿದರು, ತಲೆಯಾಡಿಸಿದರು. ಮನೆಗೆ ಹೋಗಿ ಒಂದು ತುಕ್ಕು ಹಿಡಿದ ಕಬ್ಬಿಣದ ತುಂಡು ತಂದರು. ಅವರ ಗೇಟಿನ ಕೀಲಿನ ಪಿನ್ನು. ಸವೆದು ಗೇಟು ಜೋತಾಡುತ್ತಿದೆಯಂತೆ. "ಹೀಗೇ ಒಂದು ಮಾಡಿಕೊಡಿ ಸಾರ್. ಎಷ್ಟು ದಿನ ಆಗುತ್ತೆ?"

ನಾಳೆ ಅಂದೆ. ಬುದ್ಧಿ ಬರುವುದೇ ಇಲ್ಲ.

ಅದು ಹನ್ನೊಂದು ದಿನದ ಹಿಂದೆ. ಮೊದಲ ಪಿನ್ನು ನಾಲ್ಕು ಥೌ ಸಣ್ಣದಾಯಿತು. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ನಾಲ್ಕು ಥೌ ಅಂದರೆ ತಲೆಕೂದಲಿಗಿಂತ ಚೂರು ದಪ್ಪ. ಗೇಟಿಗೆ ಅದೇನೂ ಲೆಕ್ಕಕ್ಕಿಲ್ಲ, ಒಪ್ಪುತ್ತೇನೆ. ಆದರೂ ಕೊಡಲು ಕೈ ಬರಲಿಲ್ಲ. ಎರಡನೆಯದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸರಳಿನ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಸೊಟ್ಟ ಇದೆ ಅಂತ ಆಗ ಗೊತ್ತಾಯಿತು. ಅದನ್ನು ಸರಿಮಾಡಲು ಹೋದರೆ ಅದರ ಬೋಲ್ಟಿನ ಅಳತೆಯ ಸ್ಪಾನರ್ ನನ್ನ ಸೆಟ್ಟಿನಲ್ಲಿಲ್ಲ. ರಾಯರ ಗೇಟನ್ನು ಸದ್ಯಕ್ಕೆ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ್ದಾರೆ. ದಿನಾ ಬೆಳಿಗ್ಗೆ ಹಗ್ಗ ಬಿಚ್ಚಿ ಹಾಲಿಗೆ ಹೋಗುತ್ತಾರೆ, ಬಂದು ಕೇಳುತ್ತಾರೆ.

ಈಗ ರಾತ್ರಿ ಎಂಟು ಗಂಟೆ. ಮೂರನೇ ಪಿನ್ನು ಚಕ್ಕಿನಲ್ಲಿದೆ. ಮೈಕ್ರೋಮೀಟರಿನಲ್ಲಿ ಎರಡು ಥೌ ಜಾಸ್ತಿ ತೋರಿಸುತ್ತಿದೆ. ಇನ್ನೊಂದು ಕಟ್ ಇದೆ, ಅಷ್ಟೇ. ಎದುರುಗಡೆ ಹಗ್ಗ ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿ ಸದ್ದು. ಲೇತ್ ಆಫ್ ಮಾಡಿ, ಲೈಟ್ ಆರಿಸಿ, ಮೆಷಿನ್ನಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದೇನೆ. 620 ಕೆ.ಜಿ. ಕಬ್ಬಿಣ ಒಬ್ಬ ಮನುಷ್ಯನನ್ನು ಚೆನ್ನಾಗಿಯೇ ಮರೆಮಾಡುತ್ತದೆ.

"ಇಲ್ಲೇ ಶೆಡ್ಡಲ್ಲೇ ಇದ್ದಾರೆ ನೋಡಿ ಸಾರ್" ಅಂತ ಅಡಿಗೆಮನೆ ಕಿಟಕಿಯಿಂದ ನನ್ನ ಹೆಂಡತಿ ಹೇಳುತ್ತಿದ್ದಾಳೆ. "ಈಗಷ್ಟೇ ಲೈಟ್ ಆರ್ಸಿದ್ರು."